ತೊಡೆ ತಟ್ಟಿದವರು, ಬ್ಯಾಟು ಎತ್ತಿದವರು: ಗೆಲುವಿನ ಸಂಭ್ರಮಕ್ಕೆ ಐವತ್ತು ವರ್ಷ

ಕನ್ನಡದಲ್ಲಿ ಯಾರಾದರೂ ಸವಾಲು ಹಾಕಿದರೆ ‘ತೊಡೆ ತಟ್ಟಿ ನಿಂತ’ ಎನ್ನುತ್ತೇವೆ. ಗೆದ್ದು ಬೀಗಿದರೆ ‘ಮೀಸೆ ತಿರುವಿದ’ ಎನ್ನುತ್ತೇವೆ. ಊರಿಗೆ ಹೆಸರು ತಂದವನನ್ನು ‘ಹೆಗಲ ಮೇಲೆ ಹೊತ್ತು ಮೆರೆಸಿದರು’ ಎನ್ನುತ್ತೇವೆ. ಪಂಚಾಯಿತಿ ಚುನಾವಣೆಗೂ ಜಮೀನಿನ ವ್ಯಾಜ್ಯಕ್ಕೂ ಬಳಸುವ ಈ ಮಾತುಗಳಲ್ಲಿ ಗರಡಿಮನೆಯ ಮಣ್ಣಿನ ವಾಸನೆ ಇದೆ. ಕುಸ್ತಿ ಅಖಾಡಕ್ಕೆ ಇಳಿಯುವ ಪೈಲ್ವಾನ ಮೊದಲು ತೊಡೆ ತಟ್ಟುತ್ತಾನೆ, ಆಮೇಲೆ ಎದುರಾಳಿಯ ಕೈ ಹಿಡಿಯುತ್ತಾನೆ. ಅದೇ ತೊಡೆ ತಟ್ಟುವಿಕೆ ನಮ್ಮ ಶಾಲೆಯ ಕಬಡ್ಡಿ ಅಂಕಣಕ್ಕೂ ಬಂತು.

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯ ಹಿರಿಯರು ಕೇಳಿದಾಗ, ಶಾಲೆಯ ಕಟ್ಟಡದ ಬಗ್ಗೆ, ಫಲಿತಾಂಶದ ಬಗ್ಗೆ, ಗುರುಗಳ ಬಗ್ಗೆ ಬರೆಯಲು ನನಗಿಂತ ಬಲ್ಲವರಿದ್ದಾರೆ ಎನಿಸಿತು. ಬೇರೆ ಯಾರೂ ಬರೆಯಲಾರದ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಆಟದಲ್ಲಿ ಪಾಯಿಂಟು ಬಂದಾಗ, ಗೋಲು ಬಿದ್ದಾಗ, ವಿಕೆಟ್ ಉರುಳಿದಾಗ ಆಟಗಾರರು ಮತ್ತು ನೋಡುವವರು ಸಂಭ್ರಮಿಸುವ ರೀತಿ ಈ ಐವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು? ಅದರಿಂದ ನಾವು ಕಲಿಯುವುದು ಏನಾದರೂ ಇದೆಯೇ? ಇದೆ ಎಂಬುದು ನನ್ನ ನಂಬಿಕೆ.

ಕುರುಕ್ಷೇತ್ರದ ಪಾಠ

ನಮ್ಮ ಭಾಗದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ನೋಡದೆ ಬೆಳೆದವರು ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಿದ್ದಂತೆ ದುರ್ಯೋಧನ ಗದೆ ಹೊತ್ತು ಬರುತ್ತಾನೆ. ಅವನು ನಮ್ಮೂರಿನ ರೈತನೇ. ರಾತ್ರಿ ಎರಡು ಗಂಟೆಗೆ ಅವನು ಕಂದಪದ್ಯವನ್ನು ಮುಗಿಸಿದರೆ ಶಿಳ್ಳೆ, ಕೇಕೆ, ‘ಒನ್ಸ್ ಮೋರ್’. ಯಾರೋ ಮಾವನೋ ಭಾವಮೈದುನನೋ ವೇದಿಕೆಗೆ ಹತ್ತಿ ನೋಟಿನ ಹಾರ ಹಾಕುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಈಗಿನ ಕ್ರೀಡಾಂಗಣಗಳಲ್ಲಿ ಅಭಿಮಾನಿಗಳು ಮಾಡುವುದೆಲ್ಲ ನಮ್ಮ ನಾಟಕದ ಪೆಂಡಾಲಿನಲ್ಲಿ, ಜಾತ್ರೆಯಲ್ಲಿ, ಕರಗದ ರಾತ್ರಿಯಲ್ಲಿ ಮೊದಲೇ ಇತ್ತು. ತಮಟೆಯನ್ನು ನಾವು ದೇವರ ಮುಂದಿನಿಂದಲೇ ಆಟದ ಬಯಲಿಗೆ ತಂದೆವು.

ಆ ನಾಟಕದ ಕಥೆಯಲ್ಲೇ ಸಂಭ್ರಮದ ಮೊದಲ ಪಾಠವೂ ಇದೆ. ದ್ರೌಪದಿಯ ಮುಂದೆ ತೊಡೆ ತೋರಿಸಿದ ದುರ್ಯೋಧನನ ತೊಡೆಯನ್ನೇ ಭೀಮ ಕೊನೆಗೆ ಮುರಿಯುತ್ತಾನೆ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ, ಹದಿನೆಂಟು ದಿನದ ಯುದ್ಧ ಇವೆಲ್ಲವೂ ಮುಗಿದ ಗೆಲುವು ಅದು. ಭೀಮನಿಗೆ ಸಂಭ್ರಮಿಸುವ ಹಕ್ಕು ಯಾರಿಗಿಂತಲೂ ಹೆಚ್ಚಾಗಿತ್ತು. ಆದರೆ ಅವನು ಬಿದ್ದವನ ತಲೆಯ ಮೇಲೆ ಕಾಲಿಟ್ಟಾಗ ತಡೆದವನು ಧರ್ಮರಾಯ. ಬಿದ್ದಿರುವವನು ಶತ್ರುವಾದರೂ ರಾಜ, ಮೇಲಾಗಿ ನಮ್ಮ ದಾಯಾದಿ ಎಂದು ನೆನಪಿಸಿದ. ಗೆದ್ದವನು ಎಲ್ಲಿಯವರೆಗೆ ಕುಣಿಯಬಹುದು ಎಂಬ ಪ್ರಶ್ನೆ ನಮ್ಮಲ್ಲಿ ಅಷ್ಟು ಹಳೆಯದು.

ಕೇಳಿಸಿತು, ಕಾಣಿಸಲಿಲ್ಲ

ನಮ್ಮ ಶಾಲೆ ಆರಂಭವಾದ ಆಸುಪಾಸಿನ ದಿನಗಳಲ್ಲಿ ಕನ್ನಡಿಗರ ದೊಡ್ಡ ಕ್ರೀಡಾ ಸಂಭ್ರಮವೆಂದರೆ 1974ರ ರಣಜಿ ಗೆಲುವು. ಅದಕ್ಕೆ ಮೊದಲು ಬೊಂಬಾಯಿ ತಂಡ ಸತತ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮೈಸೂರು ರಾಜ್ಯ 1973ರ ನವೆಂಬರಿನಲ್ಲಿ ಕರ್ನಾಟಕವಾಯಿತು. ಆ ಹೆಸರಿನಲ್ಲಿ ಆಡಿದ ಮೊದಲ ವರ್ಷವೇ ಇ.ಎ.ಎಸ್. ಪ್ರಸನ್ನ ಅವರ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಬೊಂಬಾಯಿಯನ್ನು ಹಿಂದಿಕ್ಕಿತು. ಜಿ.ಆರ್. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದರು. ಪ್ರಸನ್ನ ಅವರ ಚೆಂಡಿಗೆ ಸುನಿಲ್ ಗಾವಸ್ಕರ್ ಬೌಲ್ಡ್ ಆದರು. ಮುಂದೆ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ಟ್ರೋಫಿ ಎತ್ತಿತು.

ನಮ್ಮ ಹಿರಿಯರಿಗೆ ಇದೆಲ್ಲ ರೇಡಿಯೊದಲ್ಲಿ ಕೇಳಿಸಿತು, ಮರುದಿನ ಪತ್ರಿಕೆಯಲ್ಲಿ ಓದಲು ಸಿಕ್ಕಿತು. ಕಣ್ಣಿಗೆ ಮಾತ್ರ ಕಾಣಿಸಲಿಲ್ಲ. ವಿಕೆಟ್ ಬಿದ್ದಾಗ ಪ್ರಸನ್ನ ಕೈ ಎತ್ತಿದರೋ, ನಕ್ಕರೋ, ಸುಮ್ಮನೆ ತಿರುಗಿ ನಡೆದರೋ ಊರಿನಲ್ಲಿ ಕುಳಿತವರಿಗೆ ಗೊತ್ತಾಗುವಂತಿರಲಿಲ್ಲ. ಹಾಗಾಗಿ ಆಟಗಾರರನ್ನು ನೋಡಿ ಅನುಕರಿಸುವುದು ಇರಲೇ ಇಲ್ಲ. ಸಂಭ್ರಮ ಊರಿನದೇ ಆಗಿತ್ತು. ಯಾರಿಗೆ ಹೇಗೆ ಬರುತ್ತದೋ ಹಾಗೆ ಕೂಗುವುದು, ಟವೆಲ್ ಬೀಸುವುದು, ಅಂಗಡಿಯ ಮುಂದೆ ಇದ್ದವರಿಗೆಲ್ಲ ಟೀ ಹೇಳುವುದು.

1983ರ ವಿಶ್ವಕಪ್ಪಿನ ಹೊತ್ತಿಗೆ ಟಿ.ವಿ. ಬಂದಿತ್ತಾದರೂ ಊರಿಗೆ ಒಂದೋ ಎರಡೋ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಅಜೇಯ 175 ಹೊಡೆದಾಗ ಇನ್ನೊಂದು ತುದಿಯಲ್ಲಿ ಮುರಿಯದ 126 ರನ್ನುಗಳ ಜೊತೆಯಾಟಕ್ಕೆ ಬೆಂಬಲವಾಗಿ ನಿಂತವರು ನಮ್ಮ ಸೈಯದ್ ಕಿರ್ಮಾನಿ. ಆ ಪಂದ್ಯದ ಚಿತ್ರೀಕರಣವೇ ಆಗಲಿಲ್ಲ. ಜೂನ್ 25ರ ಫೈನಲ್ ಮಾತ್ರ ದೃಶ್ಯವಾಗಿ ಉಳಿಯಿತು. ಕೊನೆಯ ವಿಕೆಟ್ ಬಿದ್ದೊಡನೆ ಲಾರ್ಡ್ಸ್ ಮೈದಾನಕ್ಕೆ ನುಗ್ಗಿದ ಜನ, ಸ್ಟಂಪು ಕಿತ್ತುಕೊಂಡು ಪೆವಿಲಿಯನ್ ಕಡೆಗೆ ಓಡಿದ ಆಟಗಾರರು. ಆಗ ನೋಡುವವರಿಗೂ ಆಡುವವರಿಗೂ ನಡುವೆ ಇದ್ದುದು ಒಂದು ಹಗ್ಗ ಮಾತ್ರ.

ಕೈಸನ್ನೆಗಳು ಹಾರಿ ಬಂದವು

ಟಿ.ವಿ. ಮನೆಮನೆಗೆ ಬಂದ ಮೇಲೆ ಕೈಸನ್ನೆಗಳೂ ದೇಶದಿಂದ ದೇಶಕ್ಕೆ ಹಾರಿದವು. ನಾನು ಕೆಲಸ ಮಾಡುವ ಕಚೇರಿಯಲ್ಲಿ ಹೊಸ ತಂತ್ರಾಂಶ ತೊಂದರೆಯಿಲ್ಲದೆ ಬಿಡುಗಡೆಯಾದರೆ ನಾವು ಅಂಗೈಗೆ ಅಂಗೈ ಬಡಿದು ‘ಹೈ ಫೈವ್’ ಮಾಡುತ್ತೇವೆ. ಇದು ಅಮೆರಿಕದ ಬೇಸ್‌ಬಾಲ್ ಅಂಗಳದಿಂದ ಬಂದದ್ದು ಎನ್ನುತ್ತಾರೆ. 1977ರ ಅಕ್ಟೋಬರ್ 2ರಂದು ಲಾಸ್ ಏಂಜಲೀಸಿನಲ್ಲಿ ಡಸ್ಟಿ ಬೇಕರ್ ಆ ವರ್ಷದ ತಮ್ಮ ಮೂವತ್ತನೆಯ ಹೋಮ್ ರನ್ ಹೊಡೆದು ಬಂದಾಗ, ಗ್ಲೆನ್ ಬರ್ಕ್ ಕೈ ಮೇಲೆತ್ತಿ ನಿಂತಿದ್ದರು. ಏನು ಮಾಡಬೇಕೆಂದು ತೋಚದ ಬೇಕರ್ ಆ ಕೈಗೆ ತಮ್ಮ ಕೈ ಬಡಿದರು. ನಮ್ಮ ಶಾಲೆಗಿಂತಲೂ ಚಿಕ್ಕ ವಯಸ್ಸಿನ ಈ ಸನ್ನೆ ಇಂದು ಅಂಗನವಾಡಿಯ ಮಕ್ಕಳಿಗೂ ಗೊತ್ತು.

1990ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಕ್ಯಾಮರೂನ್ ದೇಶದ 38 ವರ್ಷದ ರೋಜರ್ ಮಿಲ್ಲಾ ಗೋಲು ಹೊಡೆದು, ಮೂಲೆಯ ಬಾವುಟದ ಬಳಿಗೆ ಓಡಿ ಸೊಂಟ ಕುಣಿಸಿದರು. 1994ರಲ್ಲಿ ಬ್ರೆಜಿಲ್‌ನ ಬೆಬೆಟೊ ಗೋಲು ಹೊಡೆದು, ಆಗಷ್ಟೇ ಹುಟ್ಟಿದ ಮಗುವಿನ ನೆನಪಿಗೆ ತೊಟ್ಟಿಲು ತೂಗುವಂತೆ ಕೈ ಆಡಿಸಿದರು. ಅದೇ ದಾರಿಯಲ್ಲಿ 2023ರ ಜೂನ್‌ನಲ್ಲಿ ಭುವನೇಶ್ವರದಲ್ಲಿ ವನುವಾಟು ವಿರುದ್ಧ ಗೋಲು ಹೊಡೆದ ಸುನಿಲ್ ಚೆಟ್ರಿ ಚೆಂಡನ್ನು ಅಂಗಿಯೊಳಗೆ ಇಟ್ಟುಕೊಂಡರು. ಪತ್ನಿ ಗರ್ಭಿಣಿ ಎಂಬ ಸುದ್ದಿ ದೇಶಕ್ಕೆ ಗೊತ್ತಾದದ್ದು ಹಾಗೆ. ಚೆಟ್ರಿ ಬೆಂಗಳೂರು ಎಫ್‌.ಸಿ. ತಂಡದವರು. ಕಂಠೀರವ ಕ್ರೀಡಾಂಗಣದ ‘ವೆಸ್ಟ್ ಬ್ಲಾಕ್’ ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತೇ ಕೂಗುವುದನ್ನು ನೋಡಿದವರಿಗೆ ನಮ್ಮ ಜಾತ್ರೆಯ ತೇರು ಎಳೆಯುವವರು ನೆನಪಾಗದೆ ಇರುವುದಿಲ್ಲ.

ಕ್ರಿಕೆಟ್ಟಿನಲ್ಲಿ ನಮ್ಮ ತಲೆಮಾರಿನ ಮನಸ್ಸಿನಲ್ಲಿ ಅಚ್ಚೊತ್ತಿದ ಸನ್ನೆ ಬೆಂಗಳೂರಿನಲ್ಲೇ ನಡೆದದ್ದು. 1996ರ ಮಾರ್ಚ್ 9, ಚಿನ್ನಸ್ವಾಮಿ ಕ್ರೀಡಾಂಗಣ, ಪಾಕಿಸ್ತಾನದ ವಿರುದ್ಧ ವಿಶ್ವಕಪ್ ಕ್ವಾರ್ಟರ್ ಫೈನಲ್. ಭಾರತ 287 ರನ್ ಮಾಡಿತ್ತು. ಪಾಕಿಸ್ತಾನದ ನಾಯಕ ಆಮಿರ್ ಸೊಹೈಲ್ 50 ದಾಟಿ ಬಿರುಸಿನಿಂದ ಆಡುತ್ತಿದ್ದರು. ವೆಂಕಟೇಶ್ ಪ್ರಸಾದ್ ಅವರ ಚೆಂಡನ್ನು ಆಫ್ ಸೈಡಿನಲ್ಲಿ ಬೌಂಡರಿಗೆ ಅಟ್ಟಿ, ಮುಂದಿನದನ್ನೂ ಅಲ್ಲಿಗೇ ಹೊಡೆಯುತ್ತೇನೆ ಎಂಬಂತೆ ಬ್ಯಾಟಿನಿಂದ ತೋರಿಸಿದರು. ಮುಂದಿನ ಚೆಂಡಿಗೆ ಅವರ ಸ್ಟಂಪು ಉರುಳಿತು. ಶಾಂತ ಸ್ವಭಾವದ ಪ್ರಸಾದ್ ಪೆವಿಲಿಯನ್ ಕಡೆಗೆ ಕೈ ತೋರಿಸಿ ‘ನಡಿ’ ಎಂದರು. ಭಾರತ 39 ರನ್ನಿಂದ ಗೆದ್ದಿತು. ಮರುದಿನದಿಂದ ನಮ್ಮ ಗದ್ದೆಬಯಲಿನ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಔಟಾದ ಪ್ರತಿಯೊಬ್ಬನಿಗೂ ಇದೇ ಬೀಳ್ಕೊಡುಗೆ! ಹಾಗೆ ಕೈ ತೋರಿಸಿದವನ ಪೈಕಿ ಅರ್ಧ ಜನ ಮುಂದಿನ ಆಟದಲ್ಲಿ ಅದೇ ಬೀಳ್ಕೊಡುಗೆ ಪಡೆದರು.

ನಾಲ್ವರು ಕನ್ನಡಿಗರು, ನಾಲ್ಕು ಬಗೆ

ಪ್ರಸಾದ್ ಅವರದ್ದು ಎದುರಾಳಿಗೆ ಕೊಟ್ಟ ಉತ್ತರ. ಸಂಭ್ರಮಕ್ಕೆ ಬೇರೆ ಮುಖಗಳೂ ಇವೆ ಎಂಬುದಕ್ಕೆ ನಮ್ಮವರದ್ದೇ ಇನ್ನೂ ನಾಲ್ಕು ಉದಾಹರಣೆ ಕೊಡುತ್ತೇನೆ.

1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ ಅನಿಲ್ ಕುಂಬ್ಳೆ 74 ರನ್ ಕೊಟ್ಟು ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದರು. ಒಂಬತ್ತು ವಿಕೆಟ್ ಆದ ಮೇಲೆ ಇನ್ನೊಂದು ತುದಿಯಿಂದ ಬೌಲಿಂಗ್ ಮಾಡಿದವರು ಜಾವಗಲ್ ಶ್ರೀನಾಥ್. ಹತ್ತನೆಯ ವಿಕೆಟ್ ತಮಗೆ ಸಿಕ್ಕಿಬಿಡಬಾರದು ಎಂದು ಅವರು ಬೇಕೆಂದೇ ಚೆಂಡನ್ನು ಸ್ಟಂಪಿನಿಂದ ದೂರ ಎಸೆದರು. ವೇಗದ ಬೌಲರ್‌ಗೆ ವಿಕೆಟ್ ಬೇಡ ಎನ್ನುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಾರದು. ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದಾಗ ಕುಂಬ್ಳೆ ಎರಡೂ ಕೈ ಎತ್ತಿದ ಚಿತ್ರ ಎಲ್ಲರಿಗೂ ನೆನಪಿದೆ. ಆ ಚಿತ್ರದ ಹಿಂದೆ ಶ್ರೀನಾಥ್ ಅವರ ಒಂದು ಓವರ್ ಇದೆ. ಗೆಳೆಯನ ಸಂಭ್ರಮಕ್ಕೆ ಜಾಗ ಬಿಟ್ಟುಕೊಡುವುದೂ ಸಂಭ್ರಮವೇ.

ರಾಹುಲ್ ದ್ರಾವಿಡ್ ಎಂದರೆ ಸಂಯಮ. ಅಂಥವರೂ 2001ರ ಮಾರ್ಚ್ 14ರಂದು ಕೋಲ್ಕತ್ತದಲ್ಲಿ ಆಸ್ಟ್ರೇಲಿಯ ವಿರುದ್ಧ ಶತಕ ಪೂರೈಸಿದಾಗ ಬ್ಯಾಟನ್ನು ಪತ್ರಕರ್ತರು ಕುಳಿತ ಕಡೆಗೆ ಬಿರುಸಾಗಿ ಬೀಸಿ ತೋರಿಸಿದರು. ತಮ್ಮ ಫಾರ್ಮ್ ಬಗ್ಗೆ ಬಂದ ಟೀಕೆಗಳಿಗೆ ಅದು ಉತ್ತರ. ಆ ದಿನ ಅವರೂ ಲಕ್ಷ್ಮಣ್ ಅವರೂ ಒಂದೂ ವಿಕೆಟ್ ಬೀಳದಂತೆ ಇಡೀ ದಿನ ಆಡಿದರು. ಜೊತೆಯಾಟ 376 ರನ್ನಿಗೆ ಬೆಳೆಯಿತು. ಮೌನಿಗಳ ಒಳಗೂ ಕೂಗು ಇರುತ್ತದೆ, ಅದು ಹೊರಬರುವುದು ಗಳಿಸಿದ ಮೇಲೆ.

ಕೊಡಗಿನ ರಾಬಿನ್ ಉತ್ತಪ್ಪ ಬೇರೆಯೇ ಬಗೆ. 2007ರ ಸೆಪ್ಟೆಂಬರ್ 14ರಂದು ಡರ್ಬನ್ನಿನಲ್ಲಿ ಭಾರತ–ಪಾಕಿಸ್ತಾನ ಟಿ–20 ಪಂದ್ಯ ಟೈ ಆಯಿತು. ಬೌಲ್-ಔಟ್ ಮಾಡಿದರು, ಅಂದರೆ ಖಾಲಿ ಸ್ಟಂಪಿಗೆ ಗುರಿಯಿಟ್ಟು ಎಸೆಯುವುದು. ಬೌಲರೇ ಅಲ್ಲದ ಉತ್ತಪ್ಪ ಸ್ಟಂಪಿಗೆ ಹೊಡೆದು, ಟೋಪಿ ತೆಗೆದು, ನಾಟಕ ಮುಗಿಸಿದ ಕಲಾವಿದನಂತೆ ಸೊಂಟ ಬಗ್ಗಿಸಿ ಪ್ರೇಕ್ಷಕರಿಗೆ ನಮಸ್ಕರಿಸಿದರು. ಅದರಲ್ಲಿ ಯಾರನ್ನೂ ಹಂಗಿಸುವ ಉದ್ದೇಶವಿರಲಿಲ್ಲ. ನೋಡಿದವರೆಲ್ಲ ನಕ್ಕರು.

ಕೊನೆಯದು ಕೆ.ಎಲ್. ರಾಹುಲ್. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲೇ, ಆದರೆ ಡೆಲ್ಲಿ ತಂಡದ ಪರವಾಗಿ, ಆರ್‌.ಸಿ.ಬಿ. ವಿರುದ್ಧ ಅಜೇಯ 93 ಹೊಡೆದು ಗೆಲ್ಲಿಸಿದರು. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಅದರೊಳಗೆ ಬ್ಯಾಟನ್ನು ಊರಿದರು. ಇದು ತಾನು ಬೆಳೆದ ಮೈದಾನ, ಈ ಸನ್ನೆ ತನ್ನ ನೆಚ್ಚಿನ ‘ಕಾಂತಾರ’ ಚಿತ್ರದಿಂದ ಬಂದದ್ದು ಎಂದು ಹೇಳಿಕೊಂಡರು. ಎದುರು ತಂಡದಲ್ಲಿದ್ದು ಗೆದ್ದರೂ ‘ಇದು ನನ್ನ ನೆಲ’ ಎಂದ ಕನ್ನಡಿಗನನ್ನು ಬೆಂಗಳೂರಿನ ಜನ ಬೈಯಲೂ ಆಗದೆ, ಹೊಗಳಲೂ ಆಗದೆ ಒದ್ದಾಡಿದರು. ಎರಡು ವಾರದ ನಂತರ ದೆಹಲಿಯಲ್ಲಿ ಆರ್‌.ಸಿ.ಬಿ. ಗೆದ್ದಾಗ ವಿರಾಟ್ ಕೊಹ್ಲಿ ರಾಹುಲ್ ಮುಂದೆಯೇ ಆ ವೃತ್ತವನ್ನು ಅಣಕಿಸಿ ತೋರಿಸಿದರು. ಇಬ್ಬರೂ ನಕ್ಕು ಅಪ್ಪಿಕೊಂಡರು. ಪರಿಚಯ ಇರುವಲ್ಲಿ ಅಣಕವೂ ಸಲಿಗೆಯಾಗುತ್ತದೆ.

ಪರಿಚಯ ಇಲ್ಲದಲ್ಲಿ ನಿಯಮ ಬೇಕಾಗುತ್ತದೆ. ಫುಟ್‌ಬಾಲಿನಲ್ಲಿ ಗೋಲು ಹೊಡೆದು ಅಂಗಿ ಕಳಚಿದರೆ 2004ರಿಂದ ಹಳದಿ ಕಾರ್ಡು ಕಡ್ಡಾಯ. ಕ್ರಿಕೆಟ್ಟಿನಲ್ಲಿ ಔಟಾದವನನ್ನು ಕೆರಳಿಸುವಂತೆ ಬೀಳ್ಕೊಟ್ಟರೆ ದಂಡ. 2025ರ ಐಪಿಎಲ್‌ನಲ್ಲಿ ಲಖನೌ ತಂಡದ ದಿಗ್ವೇಶ್ ರಾಠಿ ಔಟಾದವರ ಹೆಸರನ್ನು ಅಂಗೈಯಲ್ಲಿ ಬರೆದುಕೊಳ್ಳುವ ಸನ್ನೆಗೆ ಮತ್ತೆ ಮತ್ತೆ ದಂಡ ತೆತ್ತು, ಕೊನೆಗೆ ಒಂದು ಪಂದ್ಯದಿಂದ ಹೊರಗುಳಿಯಬೇಕಾಯಿತು.

ನಮ್ಮ ಅಂಕಣದ ಕಬಡ್ಡಿ

ಇಷ್ಟೆಲ್ಲ ಟಿ.ವಿ.ಯಲ್ಲಿ ನೋಡಿದರೂ ನಾವು ಸಂಭ್ರಮಿಸಲು ಕಲಿತದ್ದು ಸುಣ್ಣದ ಪುಡಿಯಿಂದ ಗೆರೆ ಹಾಕಿದ ಶಾಲೆಯ ಕಬಡ್ಡಿ ಅಂಕಣದಲ್ಲಿ. ಕಬಡ್ಡಿಗೆ ಒಂದು ವಿಶೇಷವಿದೆ. ಬೇರೆ ಆಟಗಳಲ್ಲಿ ಪಾಯಿಂಟು ಎಂದರೆ ಬರೀ ಅಂಕಿ. ಕಬಡ್ಡಿಯಲ್ಲಿ ರೈಡರ್ ಒಬ್ಬನನ್ನು ಮುಟ್ಟಿ ಗೆರೆ ದಾಟಿ ಬಂದರೆ, ಔಟಾಗಿ ಹೊರಗೆ ಕೂತಿದ್ದ ನಮ್ಮವನೊಬ್ಬ ಎದ್ದು ಒಳಗೆ ಬರುತ್ತಾನೆ. ‘ಜೀವ ಬಂತು’ ಎಂದು ಕೂಗುತ್ತಿದ್ದೆವು. ಗೆರೆಯ ಹೊರಗೆ ಕೂತವನು ಉಸಿರು ಬಿಗಿಹಿಡಿದು ನೋಡುವುದು ತನ್ನ ಜೀವಕ್ಕಾಗಿಯೇ. ಹಾಗಾಗಿ ಪಾಯಿಂಟು ತಂದವನ ಬೆನ್ನು ತಟ್ಟುವವರಲ್ಲಿ ಅವನೇ ಮೊದಲಿಗ.

ಜೊತೆಗೆ ಕಬಡ್ಡಿಯಲ್ಲಿ ಹೆಚ್ಚು ಹೊತ್ತು ಕುಣಿಯಲು ಸಮಯವಿಲ್ಲ. ನಮ್ಮ ರೈಡರ್ ಬಂದ ಐದು ಸೆಕೆಂಡಿನೊಳಗೆ ಎದುರು ತಂಡದ ರೈಡರ್ ಒಳಗೆ ಬರಬೇಕು. ತೊಡೆ ತಟ್ಟಿ ತಿರುಗುವಷ್ಟರಲ್ಲಿ ಮೈಮರೆತವನ ಕಾಲನ್ನು ಅವನು ಮುಟ್ಟಿರುತ್ತಾನೆ. ಖೊ-ಖೊದಲ್ಲಿ ಇದು ಇನ್ನೂ ಬಿಗಿ. ಮೂವರೂ ಔಟಾದರೆ ಮುಂದಿನ ಮೂವರು ಆಗಲೇ ಅಂಗಳದಲ್ಲಿ ಓಡುತ್ತಿರುತ್ತಾರೆ. ನಮ್ಮ ನೆಲದ ಆಟಗಳೇ ಹಾಗೆ, ಗೆದ್ದೆ ಎಂದುಕೊಂಡ ಕ್ಷಣವೇ ಎಚ್ಚರದ ಕ್ಷಣ.

ನಮ್ಮ ದೈಹಿಕ ಶಿಕ್ಷಕರಿಗೆ ಒಂದು ನಿಯಮವಿತ್ತು. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಗೆದ್ದು ನಾವು ಕೇಕೆ ಹಾಕಲು ಹೊರಟರೆ ದೂರದಿಂದಲೇ ಸೀಟಿ ಊದಿ ಕೂಗುತ್ತಿದ್ದರು: “ಲೋ, ಮೊದ್ಲು ಅವರ ಕೈ ಕುಲುಕಿ ಬನ್ರೋ. ಆಮೇಲೆ ಕುಣೀರಿ, ಯಾರು ಬೇಡಾಂತಾರೆ!” ಆಗ ನಮಗೆ ಅದು ಕಿರಿಕಿರಿ. ಯೋಚಿಸಿದರೆ, ಎದುರು ತಂಡ ಯಾವುದು? ವಿಜಯಪುರದ್ದೋ, ಆವತಿಯದ್ದೋ, ಬೂದಿಗೆರೆಯದ್ದೋ. ಒಬ್ಬ ನಮ್ಮ ಅತ್ತೆಯ ಮಗ, ಇನ್ನೊಬ್ಬನ ಅಕ್ಕ ನಮ್ಮೂರಿನ ಸೊಸೆ. ಇವತ್ತು ಅಂಕಣದಲ್ಲಿ ಕೆಡವಿದವನ ಮನೆಯಲ್ಲಿ ನಾಳೆ ಹಬ್ಬದೂಟಕ್ಕೆ ಕೂರಬೇಕು. ಧರ್ಮರಾಯ ಭೀಮನಿಗೆ ಹೇಳಿದ ‘ಅವನು ನಮ್ಮ ದಾಯಾದಿ’ ಎಂಬ ಮಾತನ್ನು ಮೇಷ್ಟ್ರು ಸೀಟಿಯಲ್ಲಿ ಹೇಳುತ್ತಿದ್ದರು, ಅಷ್ಟೇ.

ಹಬ್ಬದ ಸಮಯದ ಊರಿನ ಟೂರ್ನಮೆಂಟುಗಳದ್ದು ಇನ್ನೊಂದು ಲೋಕ. ಟ್ಯೂಬ್‌ಲೈಟ್ ಬೆಳಕು, ಮೈಕು, ತಮಟೆ. ಒಳ್ಳೆಯ ರೈಡ್ ಆದರೆ “ನಮ್ಮ ಊರಿನ ಹಿರಿಯರಿಂದ ಈ ಆಟಗಾರನಿಗೆ ನೂರಾ ಒಂದು ರೂಪಾಯಿ” ಎಂದು ಘೋಷಣೆ. ನಾಟಕದ ನೋಟಿನ ಹಾರವೇ ಇಲ್ಲಿ ಕಬಡ್ಡಿಗೆ ಬಂದಿತ್ತು. ಎದುರು ಊರಿನ ಹುಡುಗ ಚೆನ್ನಾಗಿ ಆಡಿದರೆ ಅವನಿಗೂ ಬಹುಮಾನ ಕೂಗುತ್ತಿದ್ದರು.

ಹೆಣ್ಣುಮಕ್ಕಳ ವಿಷಯವನ್ನೂ ಇಲ್ಲಿ ಬರೆಯಲೇಬೇಕು. ನಾವು ಓದುವಾಗ ಬಾಲಕಿಯರು ಗೆದ್ದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು, ಗಟ್ಟಿಯಾಗಿ ಕೂಗುತ್ತಿರಲಿಲ್ಲ. ಒಮ್ಮೆ ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳು ರೈಡಿಗೆ ಹೊರಡುವ ಮೊದಲು ಹುಡುಗರಂತೆ ತೊಡೆ ತಟ್ಟಿದಳು. ಸುತ್ತ ನಿಂತಿದ್ದ ಗಂಡಸರು ಘೊಳ್ಳೆಂದು ನಕ್ಕರು. ಅವಳು ಇಬ್ಬರನ್ನು ಔಟ್ ಮಾಡಿ ಬಂದು, ನಕ್ಕವರ ಕಡೆಗೆ ತಿರುಗಿ ಇನ್ನೊಮ್ಮೆ ತಟ್ಟಿದಳು. ಈ ಸಲ ಯಾರೂ ನಗಲಿಲ್ಲ, ಚಪ್ಪಾಳೆ ಬಿತ್ತು. 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿಯನ್ನು ಮೊದಲ ಬಾರಿಗೆ ಸೇರಿಸಿದಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ರಾಜ್ಯದ ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ ಇದ್ದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅವರೆಲ್ಲರ ಹಿಂದೆ ಎಲ್ಲೋ ಒಂದು ಹಳ್ಳಿಯ ಅಂಗಳದಲ್ಲಿ ನಗುವವರ ಮುಂದೆ ಧೈರ್ಯವಾಗಿ ನಿಂತ ಒಂದು ದಿನ ಇದ್ದೇ ಇರುತ್ತದೆ.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ಮಣ್ಣಿನ ಆಟ ಮ್ಯಾಟಿನ ಮೇಲೆ, ಬಣ್ಣದ ದೀಪಗಳ ಕೆಳಗೆ ಬಂತು. ತೊಡೆ ತಟ್ಟುವುದೇ ಇಡೀ ಆಟದ ಗುರುತಾಯಿತು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟು ತಂದರು. ಆ ದಿನ ನಮ್ಮ ಕಚೇರಿಯ ಬೇರೆ ರಾಜ್ಯದ ಗೆಳೆಯರಿಗೆ ಕಬಡ್ಡಿಯ ನಿಯಮ ವಿವರಿಸುವ ಹೆಮ್ಮೆ ನನ್ನದಾಗಿತ್ತು. ಬಿ.ಇ.ಯಲ್ಲಿ ಕಲಿತದ್ದಲ್ಲ ಅದು, ಇಲ್ಲಿ ಕಲಿತದ್ದು.

ಜಾಗ ಸಾಲದ ಸಂಭ್ರಮ

2025ರ ಜೂನ್ 3ರ ರಾತ್ರಿಯನ್ನು ಮರೆಯುವಂತಿಲ್ಲ. ಅಹಮದಾಬಾದಿನಲ್ಲಿ ಆರ್‌.ಸಿ.ಬಿ. ಪಂಜಾಬ್ ತಂಡವನ್ನು 6 ರನ್ನಿಂದ ಸೋಲಿಸಿತು. ಮಹಿಳಾ ತಂಡ ಹಿಂದಿನ ವರ್ಷದ ಮಾರ್ಚ್‌ನಲ್ಲೇ ಕಪ್ ತಂದಿತ್ತು. ಪುರುಷರ ತಂಡಕ್ಕೆ ಮಾತ್ರ ಅದು ಹದಿನೆಂಟನೆಯ ಪ್ರಯತ್ನ. ‘ಈ ಸಲ ಕಪ್ ನಮ್ದೇ’ ಎಂಬುದು ಅಷ್ಟು ವರ್ಷ ಗೇಲಿಯ ಮಾತಾಗಿತ್ತು, ಆ ರಾತ್ರಿ ನಿಜವಾಯಿತು. ಕೊನೆಯ ಓವರ್ ಮುಗಿಯುವ ಮೊದಲೇ ಕೊಹ್ಲಿ ಕಣ್ಣೀರು ಹಾಕಿದರು. ದೇವನಹಳ್ಳಿಯ ಬೀದಿಗಳಲ್ಲೂ ಪಟಾಕಿ ಹಾರಿತು.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಮುಂದೆ ಕಾಲ್ತುಳಿತವಾಗಿ 11 ಜನ ತೀರಿಕೊಂಡರು. ಸುಮಾರು 35,000 ಜನ ಹಿಡಿಯುವ ಜಾಗದ ಸುತ್ತ ಲಕ್ಷಾಂತರ ಜನ ಸೇರಿದ್ದರು. ಸತ್ತವರಲ್ಲಿ ಹೆಚ್ಚಿನವರು ಯುವಜನ, ಅವರಲ್ಲಿ ಪ್ರೌಢಶಾಲೆಯಲ್ಲಿ ಓದುವ ವಯಸ್ಸಿನ ಒಬ್ಬ ಬಾಲಕಿಯೂ ಇದ್ದಳು. ಬೆಳಿಗ್ಗೆ ಕೆಂಪು ಅಂಗಿ ತೊಟ್ಟು ನಗುತ್ತಾ ಹೊರಟ ಮಕ್ಕಳು ಸಂಜೆಗೆ ಮನೆಗೆ ಬರಲಿಲ್ಲ. ತಪ್ಪು ಯಾರದು ಎಂಬುದನ್ನು ವಿಚಾರಣೆಗಳು ಹೇಳಲಿ. ಈ ಲೇಖನಕ್ಕೆ ಸಂಬಂಧಪಟ್ಟದ್ದು ಒಂದೇ ಮಾತು. ಸಂತೋಷಕ್ಕೂ ಜಾಗ ಬೇಕು. ಅದು ದೇಹವಿಲ್ಲದ ಭಾವನೆಯಲ್ಲ. ಅದಕ್ಕೆ ನಿಲ್ಲಲು, ಓಡಲು, ಒಬ್ಬರನ್ನೊಬ್ಬರು ಎತ್ತಲು, ಹಿಂದೆ ಸರಿಯಲು ನೆಲ ಬೇಕು.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ಎಂಜಿನಿಯರ್ ಆದವನ ಚಟ ಎಂದುಕೊಳ್ಳಿ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಚದರಡಿಯಲ್ಲಿ ಹೇಳಿದರೆ ಸುಮಾರು 1,400. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮೂವತ್ತು-ನಲವತ್ತರ ಸೈಟು 1,200 ಚದರಡಿ. ಅಂದರೆ ಆಟಕ್ಕೆ ಬೇಕಾದ ಜಾಗ ಒಂದು ಸೈಟಿಗಿಂತ ತುಸು ಹೆಚ್ಚು, ಅಷ್ಟೇ. ಆದರೆ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಒಂದು ಸುತ್ತು ಓಡಲು, ಸುತ್ತ ಊರಿನವರು ನಿಂತು ಕೂಗಲು, ಮಕ್ಕಳು ಪಲ್ಟಿ ಹೊಡೆಯಲು ಅದರ ಹತ್ತು ಪಟ್ಟು ಬೇಕು. ಆಟಕ್ಕಿಂತ ಸಂಭ್ರಮಕ್ಕೇ ಹೆಚ್ಚು ನೆಲ!

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಭಾಗದ ನೆಲಕ್ಕೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಅದರಿಂದ ಒಳ್ಳೆಯದೂ ಆಗಿದೆ, ಎಷ್ಟೋ ಮನೆಗಳ ಮಕ್ಕಳು ಓದಿದ್ದಾರೆ. ಆದರೆ ನಾವು ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದ ಬಯಲು, ರಾಗಿ ಕೊಯ್ದ ಮೇಲೆ ಎರಡು ತಿಂಗಳು ಕ್ರೀಡಾಂಗಣವಾಗುತ್ತಿದ್ದ ಹೊಲ, ದ್ರಾಕ್ಷಿ ತೋಟದ ಪಕ್ಕದ ಖಾಲಿ ಜಾಗ, ಒಂದೊಂದಾಗಿ ಬಡಾವಣೆಯಾಗಿವೆ. ಈಗಿನ ಹುಡುಗರಿಗೆ ಗೋಲು ಹೊಡೆದವರ ಎಲ್ಲ ಸನ್ನೆಗಳೂ ಗೊತ್ತು, ಮೊಬೈಲಿನಲ್ಲಿ ನೋಡಿ ಕರಾರುವಾಕ್ಕಾಗಿ ಮಾಡುತ್ತಾರೆ. ಅದನ್ನು ಮಾಡಲು ಒಂದು ಗೋಲು ಹೊಡೆಯುವ ಜಾಗವೇ ಇಲ್ಲ. ಅಂಗಳವಿಲ್ಲದ ಹುಡುಗ ಇನ್ನೊಬ್ಬರ ಗೆಲುವಿಗೆ ಮಾತ್ರ ಕುಣಿಯಬಲ್ಲ. ಅದಕ್ಕಾಗಿ 40 ಕಿಲೋಮೀಟರ್ ದೂರ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾನೆ.

ಈಗ ನಮ್ಮ ಕೆಲಸ

ಊರಿನ ಸುತ್ತ ಇಷ್ಟೆಲ್ಲ ಬದಲಾದರೂ ನಮ್ಮ ಶಾಲೆಯ ಮೈದಾನ ಉಳಿದಿದೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಬಹುದು, ಸಭಾಂಗಣ ಕಟ್ಟಬಹುದು, ಅವೂ ಬೇಕು. ಆದರೆ ಅವು ಮೈದಾನದ ಒಂದು ಅಡಿಯನ್ನೂ ನುಂಗದಂತೆ ಕಟ್ಟೋಣ ಎಂಬುದು ಹಳೆಯ ವಿದ್ಯಾರ್ಥಿಗಳಲ್ಲೂ ಗ್ರಾಮಸ್ಥರಲ್ಲೂ ನನ್ನ ವಿನಂತಿ. ಗಡಿಗೆ ಬೇಲಿ ಹಾಕಿ, ಸರ್ವೆ ಮಾಡಿಸಿ, ದಾಖಲೆಯನ್ನು ಶಾಲೆಯ ಕಪಾಟಿನಲ್ಲಿ ಭದ್ರವಾಗಿ ಇಡೋಣ. ಬಾಲಕರಿಗೆ ಒಂದು, ಬಾಲಕಿಯರಿಗೆ ಒಂದು ಕಬಡ್ಡಿ ಅಂಕಣ ವರ್ಷವಿಡೀ ಸಿದ್ಧವಿರಲಿ. ಐವತ್ತು ವರ್ಷಗಳಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಆಡಿದ ಎಲ್ಲರ ಹೆಸರನ್ನೂ, ಗೆದ್ದವರದ್ದು ಮಾತ್ರವಲ್ಲ, ಸೋತು ಬಂದವರದ್ದನ್ನೂ ಒಂದು ಪುಸ್ತಕದಲ್ಲಿ ಬರೆಸೋಣ. ಆ ಕೆಲಸಕ್ಕೆ ಕಂಪ್ಯೂಟರ್ ಬಲ್ಲ ನಮ್ಮಂಥವರು ಶನಿವಾರ, ಭಾನುವಾರ ಬಂದು ಕೂರಲು ಸಿದ್ಧರಿದ್ದೇವೆ.

ಇನ್ನು ಇಂದಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಗೆದ್ದಾಗ ಚೆನ್ನಾಗಿ ಕುಣಿಯಿರಿ. ತೊಡೆ ತಟ್ಟಿ, ಶಿಳ್ಳೆ ಹೊಡೆಯಿರಿ, ಹೆಗಲ ಮೇಲೆ ಹೊತ್ತು ಮೆರೆಸಿ. ಹೆಣ್ಣುಮಕ್ಕಳೇ, ನೀವು ಇನ್ನೂ ಗಟ್ಟಿಯಾಗಿ ಕೂಗಿ. ಆದರೆ ಅದಕ್ಕೆ ಮೊದಲು ಎದುರು ತಂಡದವರ ಕೈ ಕುಲುಕಿ ಬನ್ನಿ. ಮುಂದಿನ ವರ್ಷ ಅವರು ಗೆದ್ದಾಗ ನಿಮ್ಮ ಕೈ ಕುಲುಕಲು ಬರುತ್ತಾರೆ.